ಚಕ್ಕೋತ ಹಾಕಬೇಡ

ಆ ಭಾನುವಾರ ಹಣ್ಣಕ್ಕನ ಅಡುಗೆಮನೆಯಲ್ಲಿ ಮೊದಲು ಹೋದದ್ದು ಟ್ಯೂಬ್‌ಲೈಟು. ಮಗಳು ಬಾಟಲಿಯ ಕುತ್ತಿಗೆಗೆ ಸುತ್ತಿದ್ದ ತಂತಿ ಬಿಚ್ಚಿ, ಬಿರಡೆಯನ್ನು ಹೆಬ್ಬೆರಳಿನಿಂದ ಒಂದಿಷ್ಟು ನೂಕಿದಳು, ಅಷ್ಟೆ. ಬಿರಡೆ ಢಮ್ಮೆಂದು ಹಾರಿ ದೀಪಕ್ಕೆ ಬಡಿಯಿತು. ಗಾಜಿನ ಚೂರು ಕಿತ್ತಳೆ ಹಣ್ಣಿನ ಬುಟ್ಟಿಗೆ ಬಿತ್ತು. ಬಾಟಲಿಯಲ್ಲಿದ್ದ ವೈನು ಅರ್ಧಕ್ಕರ್ಧ ನೊರೆಯಾಗಿ ಅವಳ ಮೊಣಕೈಯಿಂದಿಳಿದು ನೆಲದ ಪಾಲಾಯಿತು.

"ಕುಡಿಯೋಕೆ ಮುಂಚೆನೇ ಹೀಗೆ. ಇನ್ನು ಕುಡಿದ ಮೇಲೆ ಮನೆ ಉಳಿಯುತ್ತೇನೇ?" ಎಂದರು ಅತ್ತೆ, ಬಾಗಿಲ ಪಕ್ಕದ ಸ್ಟೂಲಿನ ಮೇಲಿಂದ.

"ಅಜ್ಜಿ, ಕಾಲು ಮೇಲೆತ್ತಿಕೋ. ಗಾಜಿದೆ," ಎಂದ ಮೊಮ್ಮಗ.

"ಬಾಟಲಿನ ಹೀಗೆ ತೆಗೀತಾರೇನೇ?" ಹಣ್ಣಕ್ಕ ಪೊರಕೆ ಹಿಡಿದುಕೊಂಡೇ ಮಗಳನ್ನು ಬೈದಳು. "ಬಿರಡೆನ ಗಟ್ಟಿಯಾಗಿ ಹಿಡ್ಕೊಂಡು ಬಾಟಲಿನ ತಿರುಗಿಸ್ಬೇಕು. ಬಿರಡೆನಲ್ಲ, ಬಾಟಲಿನ. ಎಷ್ಟು ಸಲ ಹೇಳಲಿ? ಅದು ಉಸ್ ಅನ್ನಬೇಕು, ಢಮ್ ಅನ್ನಬಾರದು."

ಹೇಳುವ ಹಕ್ಕು ಅವಳಿಗಿತ್ತು. ದೊಡ್ಡ ಹೋಟೆಲೊಂದರಲ್ಲಿ ಹಣ್ಣು ಕೊಯ್ದು, ರಸ ಹಿಂಡಿ, ಬೆಳಗಿನ ತಿಂಡಿಗೂ ಸಂಜೆಯ ಬಾರಿಗೂ ಕಳಿಸುವುದು ಅವಳ ಕೆಲಸ. ಹಣ್ಣಕ್ಕ ಎನ್ನುವುದು ಅಲ್ಲಿಯವರು ಇಟ್ಟ ಹೆಸರು. ಅದು ಅವಳ ಹಿಂದೆಯೇ ಬೀದಿಗೆ ಬಂತು, ಬೀದಿಯಿಂದ ಮೂರು ಮಹಡಿ ಹತ್ತಿ ಮನೆಯೊಳಕ್ಕೂ ಬಂತು. ಸ್ವಂತ ಅತ್ತೆಯೇ ಸಿಟ್ಟು ಬಂದಾಗ "ಏ ಹಣ್ಣಕ್ಕ" ಎನ್ನುತ್ತಿದ್ದರು, ಪ್ರೀತಿ ಬಂದಾಗ "ಮಗಳೇ" ಎನ್ನುತ್ತಿದ್ದರು.

ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಂಗಡಿಯ ಮೇಡಂ ಅವರ ತಮ್ಮನಿಗೆ ಮದುವೆಯಂತೆ. ಬೆಳಿಗ್ಗೆ ರಿಜಿಸ್ಟರ್ ಆಫೀಸಿನಲ್ಲಿ ಸಹಿ, ಸಂಜೆ ಒಂದು ಹಾಲ್‌ನಲ್ಲಿ ಪಾರ್ಟಿಯಂತೆ. ಬಂದವರಿಗೆಲ್ಲ ಬಾಗಿಲಲ್ಲೇ ಕಿತ್ತಳೆ ರಸಕ್ಕೆ ನೊರೆಯುಕ್ಕುವ ಸ್ಪಾರ್ಕ್ಲಿಂಗ್ ವೈನ್ ಸುರಿದು ಕೊಡಬೇಕಂತೆ. "ನಿಮ್ಮ ಹೋಟೆಲಿನ ಥರಾನೇ ಬೇಕು ಅಂತಾರಮ್ಮ. ನೀನು ಹೇಳ್ಕೊಡು, ನಾನು ಮಾಡ್ತೀನಿ," ಎಂದು ಮಗಳು ಗೋಗರೆದಿದ್ದಳು. ಬೇಕರಿಯ ವ್ಯಾನು ಓಡಿಸುವ ಮಗ, ಎಂದೂ ಅಡುಗೆಮನೆಯ ಹೊಸ್ತಿಲು ದಾಟದವನು, "ನಾನೂ ಕಲೀತೀನಿ" ಎಂದು ತೋಳು ಮಡಿಸಿಕೊಂಡು ನಿಂತಿದ್ದ. ಆಗಲೇ ಅನುಮಾನ ಬರಬೇಕಿತ್ತು. ಆದರೆ ಮಕ್ಕಳು ತಾವಾಗಿಯೇ ಬಂದು ಹತ್ತಿರ ನಿಂತರೆ ಯಾವ ತಾಯಿಗೆ ಅನುಮಾನ ಬರುತ್ತದೆ?

ಉಳಿದರ್ಧ ಬಾಟಲಿಯಲ್ಲಿ ಪಾಠ ನಡೆಯಿತು. ಹಣ್ಣನ್ನು ಮೊದಲು ಹಲಗೆಯ ಮೇಲೆ ಅಂಗೈಯಿಂದ ಒತ್ತಿ ಉರುಳಿಸಬೇಕು. ಹಿಂಡುವಾಗ ಸಿಪ್ಪೆಯ ಜೀವ ತೆಗೆಯಬಾರದು. ಒಳಗಿನ ಬಿಳಿಯನ್ನು ಹಿಂಡಿದರೆ ಕಹಿ ಬರುತ್ತದೆ. ರಸವನ್ನು ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಬೇಕು.

"ನಾರು ಇದ್ರೆ ಏನಾಗುತ್ತೆ? ಆರೋಗ್ಯಕ್ಕೆ ಒಳ್ಳೇದಲ್ವಾ?" ಎಂದ ಮಗ.

"ಆರೋಗ್ಯ ಬೇಕಿದ್ರೆ ಹಣ್ಣೇ ತಿನ್ನು. ನಾರಿನ ಮೇಲೆ ವೈನ್ ಬಿದ್ರೆ ಹಾಲುಕ್ಕಿದ ಹಾಗೆ ಉಕ್ಕುತ್ತೆ. ಬೇಕಾದ್ರೆ ನೋಡು."

ಅವನು ನೋಡಿದ. ಲೋಟ ಉಕ್ಕಿ ಅವನ ಚಪ್ಪಲಿಯ ಮೇಲೆಲ್ಲ ಹರಿಯಿತು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸರಿಯಾಗಿ ಆದ ಮೊದಲ ಲೋಟ ಅತ್ತೆಗೇ ಹೋಯಿತು. ತಣ್ಣನೆಯ ರಸ ಕೆಳಗೆ, ಓರೆ ಹಿಡಿದ ಲೋಟದ ಗೋಡೆಗುಂಟ ನಿಧಾನಕ್ಕೆ ಇಳಿಸಿದ ವೈನು ಮೇಲೆ, ಚಮಚ ಹಾಕಿ ಕದಡಲಿಲ್ಲ. ಅತ್ತೆ ಒಂದು ಗುಟುಕು ಕುಡಿದು ಮುಖ ಕಿವುಚಿದರು, ಇನ್ನೊಂದು ಗುಟುಕು ಕುಡಿದರು, ಆಮೇಲೆ ಖಾಲಿ ಲೋಟ ಮುಂದೆ ಚಾಚಿದರು.

"ಇನ್ನೊಂಚೂರು ಹಾಕು. ರುಚಿ ಗೊತ್ತಾಗ್ಲಿಲ್ಲ."

"ಪೂರ್ತಿ ಲೋಟ ಆಯ್ತು ಅಜ್ಜಿ."

"ವಯಸ್ಸಾದ ನಾಲಿಗೆ ಕಣೋ. ನಿಧಾನಕ್ಕೆ ಗೊತ್ತಾಗುತ್ತೆ."

ಆ ಮನೆಯಲ್ಲಿ ಅಷ್ಟು ನಗು ಕೇಳಿ ವರ್ಷಗಳಾಗಿದ್ದವು. ಗಂಡ ಬಿಟ್ಟುಹೋದ ಮೇಲೆ ನಾಲ್ವರೂ ನಾಲ್ಕು ಹೊತ್ತಿಗೆ ಉಂಡು ಏಳುವುದೇ ರೂಢಿಯಾಗಿತ್ತು. ಅವನು ಲಿಫ್ಟ್ ರಿಪೇರಿಯವನು. ಯಾವುದೋ ಕಟ್ಟಡದ ಲಿಫ್ಟ್ ಮತ್ತೆ ಮತ್ತೆ ಕೆಡತೊಡಗಿತು. ಅಲ್ಲಿ ಸ್ವಾಗತದ ಮೇಜಿನಲ್ಲಿ ಕೂರುತ್ತಿದ್ದ ಹೆಂಗಸಿನ ಜೊತೆ ಇವನಿಗೆ ನಂಟು ಬೆಳೆದು, ಕೊನೆಗೆ ಅವಳ ಮನೆಗೇ ಹೋಗಿ ಸೇರಿಕೊಂಡ. ಕೋರ್ಟು ಕಚೇರಿ ಮುಗಿದ ದಿನ ನೆರೆಮನೆಯವರೆಲ್ಲ ಮೆಟ್ಟಿಲಲ್ಲಿ ನಿಂತಿರುವಾಗ ಅತ್ತೆ ಗಟ್ಟಿಯಾಗಿ ಹೇಳಿದ್ದರು: "ಅವನು ಹೋದ್ರೆ ಹೋಗ್ಲಿ. ಇನ್ನು ಅವನ ಮುಖ ನೋಡಲ್ಲ ನಾನು. ಇವಳೇ ನನ್ನ ಮಗಳು. ಇವಳಿದ್ದಲ್ಲೇ ನಾನು." ಹಣ್ಣಕ್ಕ ಆ ಒಂದು ಮಾತಿನ ಮೇಲೆ ಬದುಕು ಕಟ್ಟಿದ್ದಳು ಎಂದರೆ ಹೆಚ್ಚಲ್ಲ. ಗಂಡ ಇವಳನ್ನು ಬಿಟ್ಟ ಎಂದು ಯಾರಾದರೂ ಕನಿಕರ ಪಟ್ಟರೆ, "ಅವನು ನನ್ನೊಬ್ಬಳನ್ನ ಬಿಡ್ಲಿಲ್ಲ. ಹೆತ್ತಮ್ಮನೇ ಅವನನ್ನ ಬಿಟ್ಟಿದ್ದಾರೆ" ಎಂದು ತಲೆಯೆತ್ತಿ ಹೇಳುತ್ತಿದ್ದಳು.

ಹಾಗಾಗಿ ಅತ್ತೆಯ ಮಂಡಿನೋವು ಅವಳ ಮಂಡಿನೋವೇ ಆಗಿತ್ತು. ಪ್ರತಿ ಬುಧವಾರ ಅತ್ತೆ ವ್ಯಾಯಾಮದ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಹಣ್ಣಕ್ಕ ಕೆಲಸಕ್ಕೆ ಹೊರಡುವ ಮೊದಲು ಅವರ ಕಾಲಿಗೆ ಎಣ್ಣೆ ತಿಕ್ಕಿ, ಬಿಸಿನೀರಿನ ಚೀಲ ಕಟ್ಟಿ, ಹೊದೆಯಲು ಶಾಲು ತೆಗೆದಿಟ್ಟು ಹೋಗುತ್ತಿದ್ದಳು.

ಮುಂದಿನ ಭಾನುವಾರ ಎರಡನೇ ಪರೀಕ್ಷೆ. ಹಣ್ಣಕ್ಕನಿಗೆ ಈಗ ಹುರುಪು ಬಂದಿತ್ತು. ಕಿತ್ತಳೆಯೊಂದೇ ಆದರೆ ಸಪ್ಪೆ, ಮೋಸಂಬಿ ಸೇರಿದರೆ ಮೃದು, ನಿಂಬೆ ನಾಲ್ಕು ಹನಿ ಬಿದ್ದರೆ ಚುರುಕು ಎಂದು ವಾರವಿಡೀ ಹೋಟೆಲಿನಲ್ಲಿ ಅದೇ ಯೋಚನೆ ಮಾಡಿದ್ದಳು. ಬರುವಾಗ ಮಾರುಕಟ್ಟೆಯಿಂದ ಒಂದು ದಪ್ಪನೆಯ ಚಕ್ಕೋತವನ್ನೂ ಹೊತ್ತು ತಂದಿದ್ದಳು.

"ಇದು ನೋಡಿ," ಎಂದು ಚಾಕುವಿನಿಂದ ದಪ್ಪ ಸಿಪ್ಪೆ ಬಿಡಿಸುತ್ತ ಹೇಳಿದಳು. "ಇದರ ರಸ ಕಾಲುಪಾಲು ಹಾಕಿದ್ರೆ ಬಣ್ಣ ಬರುತ್ತೆ, ಸಣ್ಣ ಒಗರೂ ಬರುತ್ತೆ. ದೊಡ್ಡ ದೊಡ್ಡ ಪಾರ್ಟಿಲೆಲ್ಲ ಹೀಗೇ ಮಾಡೋದು. ಮದುವೆ ಗಂಡು ಒಂದು ಲೋಟ ಕುಡಿದು ಇನ್ನೊಂದು ಕೇಳ್ಬೇಕು."

"ಅಯ್ಯೋ, ಚಕ್ಕೋತ ಹಾಕಬೇಡ!" ಎಂದರು ಅತ್ತೆ ಸ್ಟೂಲಿನಿಂದ ಅರ್ಧ ಎದ್ದು. "ಅವನ ಮಾತ್ರೆಗೂ ಅದಕ್ಕೂ ಆಗಿಬರಲ್ಲ ಅಂತ ಡಾಕ್ಟರು ಹೇಳಿಲ್ವೇನೇ? ಮರೆತುಬಿಟ್ಟೆಯಾ?"

ಹಣ್ಣಕ್ಕ ಮರೆತಿರಲಿಲ್ಲ. ರಕ್ತದೊತ್ತಡದ ಆ ಮಾತ್ರೆ ಶುರುವಾದ ದಿನ ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡವಳೇ ಅವಳು. ಅವನು ಮನೆಯಲ್ಲಿದ್ದಷ್ಟು ಕಾಲ ಚಕ್ಕೋತವನ್ನು ಹೊಸ್ತಿಲೊಳಗೆ ಬಿಟ್ಟಿರಲಿಲ್ಲ. ಅವನು ಹೋದ ಮೇಲೆ ಮೊದಲ ಸಲ ಕೊಂಡು ತಂದದ್ದೇ ಆ ಹಣ್ಣನ್ನು. ಅತ್ತೆ ಸೊಸೆ ಇಬ್ಬರೂ ನೆಲದ ಮೇಲೆ ಕೂತು ಇಡೀ ಹಣ್ಣು ತಿಂದು ಮುಗಿಸಿದ್ದರು.

"ಯಾರ ಮಾತ್ರೆ?" ಎಂದು ಕೇಳಿದಳು.

ಅತ್ತೆ ಮೆಲ್ಲಗೆ ಸ್ಟೂಲಿನ ಮೇಲೆ ಕೂತರು. ಮಗ ಸೋಸುವ ಬಟ್ಟೆಯನ್ನು ಹಿಂಡಿದ್ದನ್ನೇ ಹಿಂಡತೊಡಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಮುಟ್ಟಿ ನೋಡಿಕೊಳ್ಳಲು ಮೂರು ಜೊತೆ ಹೆಗಲಿದ್ದವು.

"ನಿಮ್ಮ ಮೇಡಂ ತಮ್ಮ ಏನು ಮಾತ್ರೆ ತಗೋತಾನೆ ಅಂತ ಅಜ್ಜಿಗೆ ಹೇಗೆ ಗೊತ್ತೇ?"

"ಅಮ್ಮಾ..."

"ಯಾರ ಮದುವೆ ಇದು?"

"ಅಪ್ಪಂದು," ಎಂದಳು ಮಗಳು.

ಹಣ್ಣಕ್ಕ ಚಾಕು ಕೆಳಗಿಟ್ಟಳು. ಕೈ ಒರೆಸಿಕೊಂಡಳು. ಒರೆಸಿಕೊಂಡ ಕೈಯನ್ನೇ ಮತ್ತೆ ಒರೆಸಿಕೊಂಡಳು. ಅವನು ಮದುವೆಯಾಗುತ್ತಾನೆ ಎನ್ನುವುದರಿಂದ ಅವಳಿಗೆ ಅಷ್ಟು ನೋವಾಗಲಿಲ್ಲ. ಆ ಗಾಯ ಹಳೆಯದು, ಒಣಗಿದ್ದು. ಆದರೆ ತನ್ನ ಅಡುಗೆಮನೆಯಲ್ಲಿ, ತನ್ನ ಕೈಯಿಂದ, ತನ್ನನ್ನೇ ನಗಿಸಿ ನಗಿಸಿ ಮೂವರೂ ಸೇರಿ ಈ ಕೆಲಸ ಮಾಡಿಸಿಕೊಂಡರಲ್ಲ ಎನ್ನುವುದು ಎದೆಗೆ ಒದ್ದ ಹಾಗಾಯಿತು.

"ಮೇಡಂ ತಮ್ಮನ ಕಥೆ ಕಟ್ಟಿದ್ದು ಯಾರು?"

"ನಾನೇ," ಎಂದ ಮಗ. "ನಿಂಗೆ ನೋವಾಗಬಾರದು ಅಂತ."

"ಓಹೋ! ನೋವಾಗಬಾರದು ಅಂತ ನನ್ನ ಕೈಲೇ ಅವನ ಮದುವೆಗೆ ರಸ ಹಿಂಡಿಸಿದ್ರಿ. ಎಂಥಾ ಕರುಣೆಯಪ್ಪಾ ನಿಮ್ಮದು!"

"ಅಪ್ಪನೇ ಕೇಳಿದ್ರಮ್ಮ. ನಿಮ್ಮಮ್ಮನ ಕೈ ರಸದ ಹಾಗೆ ಯಾರಿಗೂ ಬರಲ್ಲ, ನೀನು ಕಲ್ತ್ಕೊಂಡು ಬಾ ಅಂದ್ರು," ಎಂದಳು ಮಗಳು. ಹೊಗಳಿಕೆಯಿಂದ ಅಮ್ಮ ತಣ್ಣಗಾಗಬಹುದೆಂದು ಆ ಪೆದ್ದು ನಿಜವಾಗಿ ನಂಬಿದ್ದಳು.

"ನೀವು ಯಾವಾಗಿಂದ ನೋಡ್ತಿದ್ದೀರಿ ಅವನನ್ನ?" ಹಣ್ಣಕ್ಕ ಅತ್ತೆಯ ಕಡೆ ತಿರುಗಿದಳು. "ಮಕ್ಕಳು ಹೋಗಿಬರ್ತಾರೆ, ಅಪ್ಪ ಅಲ್ವಾ, ನಾನು ಯಾವತ್ತೂ ಬೇಡ ಅಂದಿಲ್ಲ. ನೀವು ಯಾವಾಗಿಂದ?"

ಅತ್ತೆ ಸೆರಗಿಲ್ಲದ ಕಡೆ ಸೆರಗು ಹುಡುಕಿದರು. "ಬುಧವಾರ..." ಎಂದರು.

"ಬುಧವಾರ?"

"ವ್ಯಾಯಾಮ ಮುಗಿಸಿ ಒಂದು ಗಳಿಗೆ ಹೋಗಿ ಬರ್ತಿದ್ದೆ ಕಣೇ. ಅವಳು, ಆ ಹುಡುಗಿ, ಊಟಕ್ಕೆ ಕೂರಿಸ್ತಿದ್ಲು. ಕರುಳು ಕೇಳುತ್ತೇನೇ?"

"ವ್ಯಾಯಾಮ ಇತ್ತಾ ಅತ್ತೆ?"

"ಮೊದಮೊದಲು ಇತ್ತು," ಎಂದರು ಅತ್ತೆ.

ಅಂದರೆ ಎಷ್ಟೋ ಬುಧವಾರ ಹಣ್ಣಕ್ಕ ಎಣ್ಣೆ ತಿಕ್ಕಿ ಕಳಿಸಿದ್ದು ಸವತಿಯ ಮನೆಯ ಊಟಕ್ಕೆ. ಅವಳಿಗೆ ನಗು ಬಂತು. ನಗು ಅರ್ಧದಲ್ಲೇ ಕೆಟ್ಟು ಇನ್ನೇನೋ ಆಯಿತು. ಬಿಡಿಸಿದ್ದ ಚಕ್ಕೋತವನ್ನು ಹಾಗೇ ಬಿಟ್ಟು ಹೊರಗೆ ಬಟ್ಟೆ ಒಣಹಾಕುವ ಕಡೆ ಹೋಗಿ ನಿಂತಳು. ಒಳಗೆ ಮೂವರೂ ಪಿಸುಪಿಸು ಅನ್ನುವುದು ಕೇಳಿಸುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರೆ. ಈ ಮನೆಯಲ್ಲಿ ಕಣ್ಣು ಮುಚ್ಚಿಕೊಂಡಿದ್ದವಳು ಹಾಲು ಕಾಯಿಸಿ ಇಟ್ಟವಳು.

ಆಮೇಲಿನ ಎರಡು ವಾರ ಮನೆಯಲ್ಲಿ ಪಾತ್ರೆಗಳು ಮಾತಾಡಿದವು. ಹಣ್ಣಕ್ಕ ಅಡುಗೆ ಬಿಡಲಿಲ್ಲ. ಬೇಯಿಸಿ, ಮುಚ್ಚಿಟ್ಟು, ತಾನು ನಿಂತುಕೊಂಡೇ ಎರಡು ತುತ್ತು ತಿಂದು ಕೆಲಸಕ್ಕೆ ಹೋಗುತ್ತಿದ್ದಳು. ಅತ್ತೆ ತಮ್ಮ ತಟ್ಟೆಯನ್ನು ತಾವೇ ತೊಳೆಯತೊಡಗಿದರು, ಎಲ್ಲರಿಗೂ ಕೇಳುವ ಹಾಗೆ. ಬುಧವಾರ ಬಂದಾಗ ಅತ್ತೆ ಕಾಲು ಚಾಚಿ ಕೂತರು. ಹಣ್ಣಕ್ಕ ಎಣ್ಣೆಯ ಬಾಟಲಿಯನ್ನು ಅವರ ಪಕ್ಕ ಇಟ್ಟು ಮೆಟ್ಟಿಲಿಳಿದಳು.

ಮಗನಿಗೆ ತಾಳ್ಮೆ ಕಡಿಮೆ. ಒಂದು ಸಂಜೆ ಬ್ರೆಡ್ಡಿನ ಟ್ರೇ ಕೆಳಗಿಟ್ಟು ಕೇಳಿಯೇಬಿಟ್ಟ.

"ಇನ್ನೂ ಎಷ್ಟು ದಿನ ಹೀಗೆ ಮುಖ ಗಂಟು ಹಾಕ್ಕೊಂಡಿರ್ತೀಯಮ್ಮ? ಅವರು ನಮಗೆ ಅಪ್ಪ ಅಲ್ವಾ?"

"ಅಲ್ಲ ಅಂದೆನಾ?"

"ಅಜ್ಜಿಗೆ ಮಗ ಅಲ್ವಾ?"

"ಅಲ್ಲ ಅಂದೆನಾ?"

"ಮತ್ತೆ ನಿನ್ನ ಕಷ್ಟ ಏನು?"

"ಹೋಗ್ತೀವಮ್ಮ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು. ಹೋಗಿ ಬನ್ನಿ ಅಂತಿದ್ದೆ. ಅದು ನನ್ನ ಕಷ್ಟ."

"ಅಂತಿದ್ದೆಯಾ ನಿಜವಾಗ್ಲೂ?"

ಹಣ್ಣಕ್ಕ ಬ್ರೆಡ್ಡಿನ ಟ್ರೇ ಎತ್ತಿ ಮೇಲಿಟ್ಟಳು. ಅಂತಿದ್ದೆನೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಆದರೆ ಕೇಳುವುದಕ್ಕೆ ಮೊದಲೇ ಇಲ್ಲ ಎನ್ನುವವಳು ಎಂದು ಲೆಕ್ಕ ಹಾಕಿಬಿಟ್ಟಿದ್ದರಲ್ಲ, ಅದನ್ನು ನುಂಗಿಕೊಳ್ಳಲು ಆಗುತ್ತಿರಲಿಲ್ಲ.

ಮಗಳು ಬೇರೆ ದಾರಿ ಹಿಡಿದಳು. ಬಟ್ಟೆ ಮಡಿಸುವಾಗ ಪಕ್ಕದಲ್ಲಿ ಬಂದು ಕೂತು, "ನೀನು ಬೇಡ ಅಂದ್ರೆ ನಾನು ಹೋಗಲ್ಲಮ್ಮ," ಎಂದಳು. ಕಣ್ಣಲ್ಲಿ ನೀರಿತ್ತು. ಆ ನೀರು ಅಮ್ಮನಿಗಾಗಿಯೋ, ತಪ್ಪಿಹೋಗಬಹುದಾದ ಪಾರ್ಟಿಗಾಗಿಯೋ ಹೇಳುವುದು ಕಷ್ಟವಿತ್ತು.

ಹೋಟೆಲಿನಲ್ಲಿ ಹಣ್ಣಕ್ಕ ಈ ಕಥೆ ಹೇಳಿದ್ದು ಒಬ್ಬರಿಗೆ ಮಾತ್ರ. ಬಾರಿನಲ್ಲಿ ತಲೆ ನರೆತ ಹಿರಿಯರೊಬ್ಬರಿದ್ದರು, ಎಲ್ಲರೂ ಬಾರಣ್ಣ ಎನ್ನುತ್ತಿದ್ದರು. ಅವರು ಗಾಜಿನ ಲೋಟಗಳನ್ನು ಬಟ್ಟೆಯಿಂದ ಉಜ್ಜುತ್ತ ಎಲ್ಲವನ್ನೂ ಕೇಳಿ, "ಸರಿ, ಬಾಟಲಿ ಅವರೇ ಬಿಚ್ಕೊಳ್ಳಲಿ, ರಸ ಅವರೇ ಹಿಂಡ್ಕೊಳ್ಳಲಿ. ನಿನಗೆ ಯಾಕೆ ಉಸಾಬರಿ?" ಎಂದರು.

"ನಾನೇ ಹಿಂಡಿ ಕೊಡೋಣ ಅಂತಿದ್ದೀನಣ್ಣ."

ಬಾರಣ್ಣ ಲೋಟ ಕೆಳಗಿಟ್ಟರು. "ತಲೆ ಕೆಟ್ಟಿದೆಯಾ ತಾಯಿ?"

"ಕೊಡದೇ ಇದ್ರೆ ಹೊಟ್ಟೆಕಿಚ್ಚು ಅಂತಾರೆ. ಮೂವರೂ ಅಲ್ಲಿ ಹೋಗಿ ನಗ್ತಾ ಇರ್ತಾರೆ, ನಾನು ಮನೇಲಿ ಕೂತು ಕೆಟ್ಟವಳಾಗ್ತೀನಿ. ಕೊಟ್ರೆ..."

"ಕೊಟ್ರೆ?"

"ಕೊಟ್ರೆ ವಾಪಸ್ ನನ್ನ ಹತ್ರಾನೇ ಬರ್ತಾರೆ. ಆ ಮೂವರನ್ನ ಬಿಟ್ರೆ ನನಗೆ ಬೇರೆ ಯಾರಿದ್ದಾರೆ ಅಣ್ಣ? ಗಂಡನ್ನ ಬಿಟ್ಕೊಟ್ಟೆ. ಇವರನ್ನೂ ಬಿಟ್ಕೊಡೋಕೆ ಆಗಲ್ಲ."

ಬಾರಣ್ಣ ಹೊಸದೊಂದು ಸೋಸುವ ಬಟ್ಟೆಯನ್ನು ಮಡಿಸಿ ಅವಳ ಚೀಲಕ್ಕೆ ಹಾಕಿದರು.

ಅಂದು ಊಟದ ಹೊತ್ತಿಗೆ ಹಣ್ಣಕ್ಕ ಎಲ್ಲರನ್ನೂ ಕೂರಿಸಿ ತಾನೇ ಬಡಿಸಿದಳು. ಮೊಟ್ಟೆಯ ಪಲ್ಯದಲ್ಲಿ ದೊಡ್ಡ ಪಾಲು ಅತ್ತೆಯ ತಟ್ಟೆಗೆ ಬಿತ್ತು.

"ಶನಿವಾರ, ಮದುವೆ ದಿನ, ನಾನು ರಜ ಹಾಕ್ತೀನಿ. ರಸ ನಾನೇ ಹಿಂಡಿ ಕೊಡ್ತೀನಿ. ಹಿಂದಿನ ದಿನ ಹಿಂಡಿಟ್ಟರೆ ಕಹಿಯಾಗುತ್ತೆ, ನಿಮ್ಮ ಕೈಲಿ ಆಗಲ್ಲ. ಅಲ್ಲಿಗೆ ಬರಲ್ಲ ನಾನು. ಇಲ್ಲಿಂದ ಕ್ಯಾನಿಗೆ ತುಂಬಿ ಕೊಡ್ತೀನಿ, ವ್ಯಾನಲ್ಲಿ ತಗೊಂಡು ಹೋಗಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗಳು ಎದ್ದುಬಂದು ಅಮ್ಮನ ಕುತ್ತಿಗೆ ತಬ್ಬಿದಳು. ಮಗ ತಲೆ ತಗ್ಗಿಸಿ ಅನ್ನ ಕಲಸಿದ. ಅತ್ತೆ ಮಾತ್ರ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ, "ನೀನೇ ಹಿಂಡ್ತೀಯಾ?" ಎಂದರು.

"ಹೂಂ ಅತ್ತೆ. ನಾನೇ."

"ಕಿತ್ತಳೆ ಮೋಸಂಬಿ ಸಾಕಲ್ವಾ?"

"ಸಾಕು."

"ಒಳ್ಳೇದಾಯ್ತು ಬಿಡು ಮಗಳೇ," ಎಂದರು ಅತ್ತೆ. ಆ "ಮಗಳೇ" ಕೇಳಿ ಹಣ್ಣಕ್ಕನಿಗೆ ಎರಡು ವಾರದ ಉರಿ ಒಂದಿಷ್ಟು ಇಳಿಯಿತು. ಅಷ್ಟು ಬೇಗ ಇಳಿಯಬಾರದಿತ್ತು.

ಶುಕ್ರವಾರ ಅವಳು ಯಾರಿಗೂ ಹೇಳದೆ ಒಂದು ಕೆಲಸ ಮಾಡಿದಳು. ಫ್ರಿಜ್ಜಿನಲ್ಲಿ ಬಾಡಿಹೋಗಿದ್ದ ಚಕ್ಕೋತದ ತೊಳೆಗಳನ್ನು ಹೊರಗೆ ಎಸೆದಳು. ಹಲಗೆ, ಚಾಕು, ಹಿಂಡುವ ಪಾತ್ರೆ ಎಲ್ಲವನ್ನೂ ಕುದಿಯುವ ನೀರಲ್ಲಿ ತೊಳೆದು ಬಿಸಿಲಿಗಿಟ್ಟಳು. ಅವನ ಮೇಲಿನ ಪ್ರೀತಿಗಲ್ಲ. ತನ್ನ ಕೈಯಿಂದ ಹೋದ ರಸ ಕುಡಿದು ಯಾರಿಗೂ ತಲೆ ಕೂಡ ತಿರುಗಬಾರದು, ಅಷ್ಟೆ. ಅದು ಅವಳ ಕಸುಬಿನ ಮರ್ಯಾದೆ.

ಶನಿವಾರ ಬೆಳಿಗ್ಗೆ ಅಡುಗೆಮನೆಗೆ ಬಂದು ನೋಡಿದರೆ ಅತ್ತೆ ಆಗಲೇ ಸ್ಟೂಲು ಹಾಕಿಕೊಂಡು ಕೂತಿದ್ದರು. ಮಗಳು ಪರದೆ ಸರಿಸಿ ಕಿಟಕಿ ತೆಗೆದಿದ್ದಳು. ಮಗ ಬೇಕರಿಗೆ ರಜ ಹೇಳಿ, ವ್ಯಾನು ತಂದು ಕೆಳಗೆ ನಿಲ್ಲಿಸಿದ್ದ.

"ನಿಮಗೇನು ಕೆಲಸ ಇಲ್ಲಿ? ಹೋಗಿ ತಯಾರಾಗಿ," ಎಂದಳು ಹಣ್ಣಕ್ಕ.

"ಇರ್ಲಿ ಬಿಡಮ್ಮ. ನಿನಗೂ ಬೇಜಾರು. ಜೊತೇಲಿರ್ತೀವಿ," ಎಂದಳು ಮಗಳು.

ಹಣ್ಣಕ್ಕನ ಕರುಳು ಕರಗಿಹೋಯಿತು. ಬಾಯಲ್ಲಿ ತಪ್ಪಾಯಿತು ಅನ್ನಲಾರದೆ ಹೀಗೆ ಅನ್ನುತ್ತಿದ್ದಾರೆ ಎಂದುಕೊಂಡಳು. ಎಲ್ಲರಿಗೂ ಕಾಫಿ ಮಾಡಿಕೊಟ್ಟು ಹಣ್ಣು ಉರುಳಿಸಲು ಕೂತಳು. ಮಗ ಒಂದೊಂದೇ ಬುಟ್ಟಿ ಎತ್ತಿ ತಂದು, ಹಣ್ಣುಗಳನ್ನು ಕೈಯಿಂದ ತಿರುಗಿಸಿ ನೋಡಿ, ಆಮೇಲೆ ಅವಳ ಮುಂದೆ ಸುರಿಯುತ್ತಿದ್ದ. ಎಂದಿಲ್ಲದ ಶ್ರದ್ಧೆ. ಮಗಳು ಸಿಪ್ಪೆ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದಳು. ಅತ್ತೆ ಒಂದು ಗಳಿಗೆಯೂ ಕದಲಲಿಲ್ಲ. ಹಣ್ಣಕ್ಕ ಸಕ್ಕರೆ ಪಾಕ ತರಲು ಒಳಕೋಣೆಗೆ ಹೋದರೆ ಮಗಳೂ ಹಿಂದೆ ಬಂದಳು.

"ಬಾಲದ ಹಾಗೆ ಹಿಂದೆಹಿಂದೆ ಬರ್ತೀಯಲ್ಲೇ, ಚಿಕ್ಕವಳಿದ್ದಾಗಲೂ ಹೀಗೇ ಮಾಡ್ತಿದ್ದೆ," ಎಂದು ಹಣ್ಣಕ್ಕ ನಕ್ಕಳು. ಮಗಳು ನಗಲಿಲ್ಲ; ಪಾಕದ ಡಬ್ಬಿಯೊಳಗೆ ಒಮ್ಮೆ ಇಣುಕಿ ನೋಡಿದಳು.

ಮಧ್ಯಾಹ್ನ ದಾಟುವ ಹೊತ್ತಿಗೆ ನಾಲ್ಕು ಕ್ಯಾನು ತುಂಬಿದವು. ಎರಡು ಸಲ ಸೋಸಿದ ರಸ, ಒಂದು ಎಳೆ ನಾರಿಲ್ಲ. ಅತ್ತೆ ಒಳ್ಳೆಯ ಬಟ್ಟೆ ಉಟ್ಟು ಬಂದು ಮತ್ತೆ ಸ್ಟೂಲಿನ ಮೇಲೆ ಕೂತರು. ಮಗ ಕೊನೆಯ ಕ್ಯಾನಿಗೆ ಐಸು ಸುತ್ತುತ್ತಿರುವಾಗ ಅವನ ಫೋನು ಹೊಡೆದುಕೊಂಡಿತು.

"ಕೈಯೆಲ್ಲ ಅಂಟು. ಸ್ಪೀಕರಿಗೆ ಹಾಕೇ," ಎಂದ ತಂಗಿಗೆ, ಯಾರೆಂದು ನೋಡದೆ.

ಅವಳೂ ನೋಡದೆ ಒತ್ತಿದಳು.

"ಏನಪ್ಪಾ, ಮುಗೀತಾ?" ಆ ದನಿ ಆ ಅಡುಗೆಮನೆಯಲ್ಲಿ ವರ್ಷಗಳ ಮೇಲೆ ಕೇಳಿಸಿತು. "ಅಜ್ಜಿ ಪಕ್ಕದಲ್ಲೇ ಇದ್ದಾಳೆ ತಾನೇ? ಹಿಂಡೋವಾಗ ಒಬ್ಬರಾದ್ರೂ ಅಲ್ಲೇ ಕಣ್ಣಿಟ್ಟಿರಿ ಅಂದಿದ್ದೆನಲ್ಲ. ಚಕ್ಕೋತ ಗಿಕ್ಕೋತ ಏನೂ ಸೇರಿಸಿಲ್ವಲ್ಲ? ಸರಿಯಾಗಿ ನೋಡಿದ್ದೀರಾ?"

ಮಗಳು ಥಟ್ಟನೆ ಫೋನು ಆರಿಸಿದಳು. ತಡವಾಗಿತ್ತು.

ಹಣ್ಣಕ್ಕ ಸೋಸುವ ಬಟ್ಟೆಯನ್ನು ಹಿಡಿದುಕೊಂಡೇ ನಿಂತಿದ್ದಳು. ಬಟ್ಟೆಯಿಂದ ರಸ ತೊಟ್ಟಿಕ್ಕಿ ಅವಳ ಕಾಲಿನ ಮೇಲೆ ಬೀಳುತ್ತಿತ್ತು. ಬೆಳಗಿನಿಂದ ಮೂವರೂ ಅವಳ ಜೊತೆಗಿರಲಿಲ್ಲ, ಅವಳನ್ನು ಕಾಯುತ್ತಿದ್ದರು. ಹಣ್ಣು ತಿರುಗಿಸಿ ನೋಡಿದ್ದು ಅದಕ್ಕೆ. ಒಳಕೋಣೆಗೆ ಹಿಂದೆ ಬಂದದ್ದು ಅದಕ್ಕೆ. ಅವನಿಗೆ ಕೇಡು ಮಾಡುವ ಯೋಚನೆ ಈ ಎರಡು ವಾರದಲ್ಲಿ ಒಂದು ಸಲವೂ ಅವಳ ತಲೆಗೆ ಬಂದಿರಲಿಲ್ಲ. ಬಂದದ್ದು ಅವರ ತಲೆಗೆ.

"ಯಾರು ಹೇಳಿದ್ದು ಅವನಿಗೆ? ನಾನು ಚಕ್ಕೋತ ಹಾಕ್ತೀನಿ ಅಂತ?"

"ಅಮ್ಮಾ, ಅಜ್ಜಿಗೆ ಸುಮ್ನೆ ಭಯ ಆಗಿ..." ಎಂದ ಮಗ.

"ಅಜ್ಜಿಗೆ ಭಯ. ನಿನಗೆ? ನಿನಗೇನೇ?"

ಮಗಳು ಗೋಡೆ ನೋಡಿದಳು.

"ಹುಡುಗರನ್ನ ಯಾಕೆ ಕೇಳ್ತೀಯ? ನಾನೇ ಹೇಳಿದ್ದು," ಎಂದರು ಅತ್ತೆ. "ತಪ್ಪೇನು? ನಿನಗೆ ಹೊಟ್ಟೆ ಉರಿದಿತ್ತು. ಉರಿಯೋ ಹೊಟ್ಟೆಗೆ ಏನು ಹೊಳೆಯುತ್ತೋ ಯಾರಿಗೆ ಗೊತ್ತು? ಹೆತ್ತವರಿಗೆ ಹೆಗ್ಗಣ ಮುದ್ದಂತೆ. ಹೆಗ್ಗಣನೋ ಏನೋ, ನನ್ನ ಮಗ ಅವನು."

"ನಾನು ಯಾರು ಅತ್ತೆ?"

ಅತ್ತೆ ಕ್ಯಾನುಗಳ ಕಡೆ ನೋಡಿದರು.

ಹಣ್ಣಕ್ಕ ಗೂಡಿನಿಂದ ಒಂದು ಚಮಚ ತೆಗೆದು ಕ್ಯಾನುಗಳ ಪಕ್ಕ ಇಟ್ಟಳು. ನಾಲ್ಕರ ಮುಚ್ಚಳವನ್ನೂ ತಿರುಗಿಸಿ ತೆಗೆದಳು.

"ತಗೊಳ್ಳಿ. ರುಚಿ ನೋಡಿ. ಚಕ್ಕೋತದ ರುಚಿ ನಿಮಗೆ ಚೆನ್ನಾಗಿ ಗೊತ್ತಲ್ಲ, ನನ್ನ ಜೊತೆ ಕೂತು ಎಷ್ಟು ತಿಂದಿದ್ದೀರಿ. ನಾಲ್ಕೂ ನೋಡಿ, ಆಮೇಲೆ ತಗೊಂಡು ಹೋಗಿ."

ನಾಚಿಕೆಯಾಗಲಿ ಎಂದೇ ಅವಳು ಹಾಗೆ ಅಂದದ್ದು. ಛೇ, ಏನು ಮಾತು ಅಂತ ಆಡ್ತೀಯೇ ಎಂದು ಗದರಿ ಚಮಚವನ್ನು ಆಚೆ ಎಸೆಯುತ್ತಾರೆ ಎಂದುಕೊಂಡಿದ್ದಳು. ಎಸೆದಿದ್ದರೆ ಇನ್ನೂ ಒಂದಿಷ್ಟು ಉಳಿಯುತ್ತಿತ್ತು.

"ಅಜ್ಜಿ, ಬೇಡ," ಎಂದಳು ಮಗಳು.

ಅತ್ತೆ ಮಂಡಿಯ ಮೇಲೆ ಕೈಯೂರಿ ಎದ್ದರು. ಚಮಚ ತಗೊಂಡರು. ಮೊದಲನೇ ಕ್ಯಾನಿನಿಂದ ಒಂದು ಚಮಚ ರಸ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ಹೊರಳಿಸಿ, ನುಂಗಿದರು. ನಲ್ಲಿ ತಿರುಗಿಸಿ ಚಮಚ ತೊಳೆದುಕೊಂಡರು. ಎರಡನೇ ಕ್ಯಾನಿಗೆ ಬಂದರು. ಮತ್ತೆ ತೊಳೆದುಕೊಂಡರು. ಮೊಮ್ಮಕ್ಕಳಿಬ್ಬರೂ ನೋಡುತ್ತ ನಿಂತಿದ್ದರು. ಯಾರೂ ಅವರ ಕೈ ಹಿಡಿಯಲಿಲ್ಲ. ಮೂರನೆಯದಕ್ಕೆ ಅತ್ತೆಗೆ ಸ್ವಲ್ಪ ಅನುಮಾನ ಬಂತು, ಇನ್ನೊಂದು ಚಮಚ ಕುಡಿದು ನೋಡಿದರು. ನಾಲ್ಕನೆಯದನ್ನೂ ಬಿಡಲಿಲ್ಲ.

"ಹೂಂ. ಇಲ್ಲ. ಬರೀ ಕಿತ್ತಳೆ ಮೋಸಂಬಿ," ಎಂದರು ಮೊಮ್ಮಗನ ಕಡೆ ತಿರುಗಿ. "ತಗೊಂಡು ನಡಿ, ಹೊತ್ತಾಯ್ತು."

ಹಣ್ಣಕ್ಕ ತಾನೇ ಮುಚ್ಚಳಗಳನ್ನು ಬಿಗಿ ಮಾಡಿದಳು. ಮಗ ಕ್ಯಾನುಗಳನ್ನು ಎರಡೆರಡಾಗಿ ಹೊತ್ತು ಇಳಿದ. ಮಗಳು ಅಮ್ಮನ ಮುಂದೆ ಬಂದು ನಿಂತು, ಆಮೇಲೆ ಚಪ್ಪಲಿ ಹಾಕಿಕೊಂಡಳು. ಅತ್ತೆ ಗೋಡೆ ಹಿಡಿದು ಬಾಗಿಲವರೆಗೆ ಹೋದರು. ಅಲ್ಲಿ ತಿರುಗಿ ನಿಂತು, ದಿನಾ ಹೇಳುವ ಹಾಗೆಯೇ ಹೇಳಿದರು:

"ಅಲ್ಲಿ ಊಟ ನನಗೆ ಹಿಡಿಸುತ್ತೋ ಇಲ್ವೋ. ಬಂದ ಮೇಲೆ ತಿಂತೀನಿ, ಒಂದು ಹಿಡಿ ಅನ್ನ ಎತ್ತಿಟ್ಟಿರು."

"ನಾನು ಅನ್ನ ಮಾಡೋವಾಗ ಪಕ್ಕದಲ್ಲಿ ಯಾರೂ ಇರಲ್ಲವಲ್ಲ ಅತ್ತೆ," ಎಂದಳು ಹಣ್ಣಕ್ಕ. "ಹೇಗೆ ತಿಂತೀರಿ?"

ಕೆಳಗಿನಿಂದ ವ್ಯಾನಿನ ಹಾರ್ನ್ ಕೇಳಿಸಿತು. ಮೊಮ್ಮಗಳು ಅತ್ತೆಯ ಕೈ ಹಿಡಿದುಕೊಂಡಳು, ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿದರು.

ಹಣ್ಣಕ್ಕ ಬಾಗಿಲು ಹಾಕಿದಳು. ಹಲಗೆ ತೊಳೆದಳು, ಚಾಕು ತೊಳೆದಳು, ಸಿಪ್ಪೆಯ ಬಕೆಟ್ಟನ್ನು ಹೊರಗಿಟ್ಟಳು. ಆಮೇಲೆ ಅಕ್ಕಿಯ ಡಬ್ಬಿ ತೆಗೆದು, ಒಬ್ಬಳಿಗೆ ಆಗುವಷ್ಟೇ ಅಕ್ಕಿ ಅಳೆದುಕೊಂಡಳು.